18 ರೈಸರ್, 17 ಮೆಟ್ಟಿಲು

ನಮ್ಮ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಒಂದು ಬಗ್ ಇತ್ತು. ನಾಲ್ಕು ವರ್ಷ ದಿನಾ ಹತ್ತಿ ಇಳಿದರೂ ನನಗೆ ಗೊತ್ತಾಗಿರಲಿಲ್ಲ. ಒಂದು ಸಂಜೆ ಅಮ್ಮ ಟೆರೇಸ್‌ನಿಂದ ಒಣಗಿದ ಬಟ್ಟೆ ತುಂಬಿದ ಬಕೆಟ್ ಹಿಡಿದು ಇಳಿಯುವಾಗ ಕೊನೇ ಮೆಟ್ಟಿಲಲ್ಲಿ ಕಾಲು ತಪ್ಪಿ ಬಿದ್ದರು. ಬಲಗೈ ಮಣಿಕಟ್ಟು ಮುರೀತು, ಆರು ವಾರ ಪ್ಲಾಸ್ಟರ್. "ನನ್ನದೇ ತಪ್ಪು ಕಣೋ, ನೋಡ್ಕೊಂಡು ಇಳೀಲಿಲ್ಲ" ಅಂತ ಅವರೇ ಹೇಳಿಕೊಂಡು ಓಡಾಡಿದರು. ನನಗೂ ಹಾಗೇ ಅನ್ನಿಸಿತ್ತು.

ಆಮೇಲೊಂದು ಭಾನುವಾರ, ಯಾಕೋ ಏನೋ, ಟೇಪ್ ಹಿಡಿದು ಅಳೆದೆ. ಎಲ್ಲಾ ಮೆಟ್ಟಿಲೂ 7 ಇಂಚು. ಕೊನೆಯದು ಮಾತ್ರ ಎಂಟೂವರೆ. ಮೆಟ್ಟಿಲು ಇಳಿಯುವಾಗ ನಾವು ಪ್ರತಿ ಸಲ ಕೆಳಗೆ ನೋಡಿಕೊಂಡು ಇಳಿಯುವುದಿಲ್ಲ. ಎರಡು ಮೂರು ಮೆಟ್ಟಿಲಾದ ಮೇಲೆ ಕಾಲಿಗೆ ಒಂದು ಲೆಕ್ಕ ಸಿಕ್ಕಿಬಿಡುತ್ತೆ, ಮುಂದಿನದೆಲ್ಲ ಆ ಲೆಕ್ಕದ ಮೇಲೇ ನಡೆಯೋದು. ನೆಲ ಒಂದೂವರೆ ಇಂಚು ಕೆಳಗಿದ್ದರೆ ಕಾಲು ಗಾಳಿಯಲ್ಲಿ ನಿಲ್ಲುತ್ತೆ. ಅಮ್ಮ ನೋಡದೆ ಇಳಿದಿದ್ದು ನಿಜ, ಆದರೆ ತಪ್ಪು ಅವರದ್ದಲ್ಲ.

ಇದಾಗಿ ಒಂದು ವರ್ಷಕ್ಕೆ ನಾವೇ ಮನೆ ಕಟ್ಟೋಕೆ ಇಳಿದೆವು. ಮಾಗಡಿ ರಸ್ತೆಯ ಆಚೆ 20×30 ಸೈಟು. 600 ಚದರ ಅಡಿಯಲ್ಲಿ ಸುತ್ತ ಬಿಡಬೇಕಾದ ಜಾಗ ಬಿಟ್ಟು, ಗೋಡೆಯ ದಪ್ಪ ಕಳೆದು, ಒಂದು ಕಾರು ನಿಲ್ಲಿಸಿದರೆ ಒಳಗೆ ಉಳಿಯೋದು ಎಷ್ಟು ಅಂತ ಈ ಅಳತೆಯ ಸೈಟ್ ಇರೋವರಿಗೆ ಹೇಳಬೇಕಾಗಿಲ್ಲ. ಅಂಥ ಮನೆಯಲ್ಲಿ ಮೊದಲು ಕತ್ತರಿ ಬೀಳೋದು ಮೆಟ್ಟಿಲಿಗೆ. ಅದು ಬಾಡಿಗೆ ಕೊಡಲ್ಲ, ಅಲ್ಲಿ ಮಂಚ ಹಾಕೋಕಾಗಲ್ಲ, ಗೃಹಪ್ರವೇಶಕ್ಕೆ ಬಂದ ನೆಂಟರು ಅದನ್ನು ನೋಡಿ "ಚೆನ್ನಾಗಿದೆ" ಅನ್ನೋದೂ ಇಲ್ಲ.

ಮೊದಲ ನಕ್ಷೆ

ನಮ್ಮ ಮೇಸ್ತ್ರಿ ಅನುಭವಸ್ಥರು. ಅವರು ಪೇಪರ್ ಮೇಲೆ ಎರಡು ಗೆರೆ ಎಳೆದು ಕೊಟ್ಟ ಮೆಟ್ಟಿಲು ಹೀಗಿತ್ತು: ಅಗಲ ಎರಡೂವರೆ ಅಡಿ, ಎತ್ತರ 8 ಇಂಚು, ಕಾಲಿಡುವ ಜಾಗ 9 ಇಂಚು. ಮಧ್ಯದಲ್ಲಿ ಒಂದು ಲ್ಯಾಂಡಿಂಗ್, ಅಲ್ಲಿಂದ ಹಿಂದಕ್ಕೆ ತಿರುಗಿ ಮತ್ತೆ ಮೇಲಕ್ಕೆ. ಇದನ್ನು ಡಾಗ್‌ಲೆಗ್ ಅಂತಾರೆ, ಸಣ್ಣ ಮನೆಗಳಲ್ಲಿ ಹೆಚ್ಚಾಗಿ ಇದೇ. ಎಲ್ಲಾ ಸೇರಿ ಉದ್ದ 7 ಅಡಿ 9 ಇಂಚು, ಅಗಲ 5 ಅಡಿ 3 ಇಂಚು. ಸುಮಾರು 41 ಚದರ ಅಡಿಯಲ್ಲಿ ಕೆಲಸ ಮುಗೀತು. "ಈ ಏರಿಯಾದಲ್ಲಿ ಎಲ್ಲಾ ಮನೇಗೂ ಇದೇ ಸಾರ್" ಅಂದರು. ಅದೂ ನಿಜವೇ.

ಎತ್ತರವನ್ನು ರೈಸರ್ ಅಂತಲೂ, ಕಾಲಿಡುವ ಅಗಲವನ್ನು ಟ್ರೆಡ್ ಅಂತಲೂ ಕರೀತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದ್ರೆ ಭಾರತೀಯ ಮಾನಕ ಬ್ಯೂರೋ ಹೊರತರುವ ನ್ಯಾಷನಲ್ ಬಿಲ್ಡಿಂಗ್ ಕೋಡ್, ವಾಸದ ಮನೆಗಳಿಗೆ ಹೇಳೋದು ಇಷ್ಟು: ರೈಸರ್ 190 ಮಿ.ಮೀ. ಮೀರಬಾರದು, ಟ್ರೆಡ್ 250 ಮಿ.ಮೀ.ಗಿಂತ ಕಡಿಮೆ ಇರಬಾರದು, ಮೆಟ್ಟಿಲ ಅಗಲ 1 ಮೀಟರ್ ಇರಬೇಕು, ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು. ಎರಡು ಅಂತಸ್ತಿನ ಸಾಲು ಮನೆಗಳಿಗೆ ಅಗಲದಲ್ಲಿ ರಿಯಾಯಿತಿ ಇದೆ. ನಮ್ಮದು ಸಾಲು ಮನೆ ಅಲ್ಲ.

ಮೇಸ್ತ್ರಿಯವರ ಲೆಕ್ಕವನ್ನು ಮಿ.ಮೀ.ಗೆ ತಿರುಗಿಸಿದೆ. ರೈಸರ್ 203, ಟ್ರೆಡ್ 229, ಅಗಲ 762. ಮೂರಕ್ಕೆ ಮೂರೂ ಫೇಲ್.

ಒಂದು ಮಾತು ಸ್ಪಷ್ಟ ಇರಲಿ. ಈ ಸಂಹಿತೆ ತಾನಾಗಿಯೇ ಕಾನೂನಲ್ಲ, ಅದು ಶಿಫಾರಸು. ನಿಮ್ಮ ನಕ್ಷೆ ಪಾಸ್ ಮಾಡುವ ಪಾಲಿಕೆ, ಪುರಸಭೆ ಅಥವಾ ಪ್ರಾಧಿಕಾರದ ಬೈಲಾದಲ್ಲಿ ಏನಿದೆಯೋ ಅದು ಕಾನೂನು. ಹಾಗಾಗಿ ನಕ್ಷೆ ಬರೆಸೋಕೆ ಮುಂಚೆ ಬೈಲಾ ಪ್ರತಿಯಲ್ಲಿ ಮೆಟ್ಟಿಲಿನ ಪುಟ ಒಂದನ್ನಾದರೂ ಓದಿ. ಎರಡರಲ್ಲಿ ಯಾವುದು ಬಿಗಿ ಇದೆಯೋ ಅದನ್ನು ಹಿಡಿಯೋಣ ಅಂತ ನಾನು ತೀರ್ಮಾನಿಸಿದೆ. ಮಂಜೂರಾದ ನಕ್ಷೆಯಲ್ಲಿ ಒಂದು ಮೆಟ್ಟಿಲು, ಸೈಟಲ್ಲಿ ಇನ್ನೊಂದು ಮೆಟ್ಟಿಲು ಅನ್ನೋದು ನಮ್ಮ ಕಡೆ ಎಷ್ಟು ಮಾಮೂಲು ಅಂದ್ರೆ, ನಕ್ಷೆಯಂತೆ ಕಟ್ಟಿ ಅಂದಾಗ ಮೇಸ್ತ್ರಿ ನನ್ನನ್ನೇ ವಿಚಿತ್ರವಾಗಿ ನೋಡಿದರು.

ಎಕ್ಸೆಲ್ ಶೀಟ್ ಹೇಳಿದ್ದು

ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, ಅಂದ್ರೆ 120 ಇಂಚು, 3048 ಮಿ.ಮೀ. ಇದನ್ನು 16 ರೈಸರ್‌ಗೆ ಭಾಗಿಸಿದರೆ ಒಂದೊಂದು 190.5 ಮಿ.ಮೀ. ಅರ್ಧ ಮಿ.ಮೀ.ನಲ್ಲಿ ಫೇಲ್! 17 ಹಾಕಿದರೆ 179. ಹಾಗಾದರೆ 17 ಅಂತ ಬರೆದುಕೊಂಡೆ.

ಡಾಗ್‌ಲೆಗ್‌ನಲ್ಲಿ ಅದನ್ನು ಎರಡು ಓಟಕ್ಕೆ ಹಂಚಬೇಕು: ಲ್ಯಾಂಡಿಂಗ್‌ವರೆಗೆ 9, ಅಲ್ಲಿಂದ ಮೇಲೆ 8. ಒಂದು ಓಟದಲ್ಲಿ ಟ್ರೆಡ್‌ಗಳು ರೈಸರ್‌ಗಿಂತ ಒಂದು ಕಡಿಮೆ ಇರ್ತವೆ, ಯಾಕಂದ್ರೆ ಕೊನೆಯ ರೈಸರ್ ಹತ್ತಿದರೆ ಸಿಗೋದು ಲ್ಯಾಂಡಿಂಗೇ. ಅಂದ್ರೆ ಮೊದಲ ಓಟಕ್ಕೆ 8 ಟ್ರೆಡ್, ಎರಡನೆಯದಕ್ಕೆ 7. ಮೆಟ್ಟಿಲಿನ ಒಟ್ಟು ಉದ್ದ ನಿರ್ಧಾರ ಆಗೋದು ದೊಡ್ಡ ಓಟದಿಂದ. ಚಿಕ್ಕದರಲ್ಲಿ ಒಂದು ಟ್ರೆಡ್‌ನಷ್ಟು ಜಾಗ ಸುಮ್ಮನೆ ಬಿದ್ದಿರುತ್ತೆ.

ಹಾಗಾದರೆ ಅಲ್ಲಿ ಇನ್ನೊಂದು ಮೆಟ್ಟಿಲು ಹಾಕಬಾರದಾ? 9 ಮತ್ತು 9, ಒಟ್ಟು 18 ರೈಸರ್. ಉದ್ದ ಒಂದಿಂಚೂ ಹೆಚ್ಚಾಗಲ್ಲ. ಆದರೆ ಪ್ರತಿ ರೈಸರ್ 169 ಮಿ.ಮೀ.ಗೆ ಇಳಿಯುತ್ತೆ, ಅಂದ್ರೆ 6.67 ಇಂಚು. ಜಾಗದ ಖರ್ಚಿಲ್ಲದೆ ಹತ್ತೋದು ಸಲೀಸಾಯ್ತು. ನನ್ನ ಇಡೀ ಮನೆ ಪ್ಲಾನಿಂಗ್‌ನಲ್ಲಿ ಪುಕ್ಕಟೆ ಸಿಕ್ಕಿದ್ದು ಇದೊಂದೇ. ಡಾಗ್‌ಲೆಗ್ ಮಾಡಿಸ್ತಿದ್ದೀರಾ ಅಂದ್ರೆ ರೈಸರ್ ಸಂಖ್ಯೆ ಸಮ ಇರೋ ಹಾಗೆ ನೋಡಿಕೊಳ್ಳಿ.

ಇನ್ನು ಟ್ರೆಡ್. 17ನೇ ಶತಮಾನದಲ್ಲಿ ಫ್ರಾಂಸ್ವಾ ಬ್ಲಾಂಡೆಲ್ ಅನ್ನುವ ಫ್ರೆಂಚ್ ವಾಸ್ತುಶಿಲ್ಪಿ ಮನುಷ್ಯನ ಹೆಜ್ಜೆಯ ಉದ್ದ ನೋಡಿ ಒಂದು ಸೂತ್ರ ಹೇಳಿದ್ದ: ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿದರೆ ಸುಮಾರು 24 ಇಂಚು ಬರಬೇಕು. ಇವತ್ತಿಗೂ ಎಂಜಿನಿಯರುಗಳು ಇದನ್ನೇ 600ರಿಂದ 640 ಮಿ.ಮೀ. ಅಂತ ಹಿಡೀತಾರೆ. ನಮ್ಮದು 6.67ರ ಎರಡರಷ್ಟು, ಜೊತೆಗೆ 11 ಇಂಚಿನ ಟ್ರೆಡ್, 24.3 ಆಯ್ತು. ತಮಾಷೆ ಅಂದ್ರೆ ಮೇಸ್ತ್ರಿಯವರ 8 ಮತ್ತು 9 ಕೂಡ ಈ ಸೂತ್ರದಲ್ಲಿ 25 ಬಂದು ಹೆಚ್ಚುಕಮ್ಮಿ ಪಾಸಾಗುತ್ತೆ. ಕಡಿದಾದ ಮೆಟ್ಟಿಲನ್ನು ಈ ಸೂತ್ರ ಹಿಡಿಯಲ್ಲ. ಹಾಗಾಗಿ ರೈಸರ್, ಟ್ರೆಡ್ ಎರಡನ್ನೂ ಬೇರೆ ಬೇರೆಯಾಗಿ ಅಳೆದು ನೋಡಲೇಬೇಕು.

ಕೊನೆಗೆ ಬಂದ ಅಳತೆ: ಉದ್ದ 10 ಅಡಿ 7 ಇಂಚು, ಅಗಲ 6 ಅಡಿ 11 ಇಂಚು, ಸುಮಾರು 73 ಚದರ ಅಡಿ. ಮೇಸ್ತ್ರಿ ಮೆಟ್ಟಿಲಿಗಿಂತ 32 ಚದರ ಅಡಿ ಜಾಸ್ತಿ. ಅದು ಬಂದಿದ್ದು ನನ್ನ ವರ್ಕ್ ಫ್ರಮ್ ಹೋಮ್ ರೂಮಿನಿಂದ. ಕಿಟಕಿ ಪಕ್ಕ ದೊಡ್ಡ ಟೇಬಲ್, ಎರಡು ಮಾನಿಟರ್, ಹಿಂದೆ ಪುಸ್ತಕದ ಶೆಲ್ಫ್ ಅಂತ ಎರಡು ವರ್ಷದಿಂದ ಕನಸು ಕಂಡಿದ್ದೆ. ಆ ರೂಮಿನ ಅಗಲದಲ್ಲಿ 3 ಅಡಿ ಹೋಯ್ತು. ಸುಳ್ಳು ಯಾಕೆ ಹೇಳಲಿ, ಒಂದು ವಾರ ಒದ್ದಾಡಿದೆ. ರಾತ್ರಿ ಕೂತು ಟ್ರೆಡ್ 10 ಇಂಚು ಮಾಡೋಣವಾ, ಅಗಲ 3 ಅಡಿಗೆ ಇಳಿಸೋಣವಾ ಅಂತ ಶೀಟಲ್ಲಿ ನಂಬರ್ ಬದಲಾಯಿಸುತ್ತಾ ಇದ್ದೆ.

ಅಮ್ಮನ ಟೆಸ್ಟಿಂಗ್

ತೀರ್ಮಾನ ಆಗಿದ್ದು ಸೈಟಲ್ಲಿ. ಪಾಯದ ಕೆಲಸಕ್ಕೆ ತಂದ ಸಾಲಿಡ್ ಬ್ಲಾಕ್ ಬಿದ್ದಿದ್ದವು. ಬ್ಲಾಕ್ ಮತ್ತು ಸೆಂಟ್ರಿಂಗ್ ಹಲಗೆ ಇಟ್ಟು ಮೂರು ಮೂರು ಮೆಟ್ಟಿಲಿನ ಎರಡು ಮಾದರಿ ಮಾಡಿಸಿದೆ. ಒಂದು ಮೇಸ್ತ್ರಿಯವರದ್ದು, ಇನ್ನೊಂದು ನನ್ನದು. ಅಮ್ಮನಿಗೆ ಯಾವುದು ಯಾರದ್ದು ಅಂತ ಹೇಳಲಿಲ್ಲ.

ಹತ್ತುವಾಗ ಅವರು ಎರಡರಲ್ಲೂ ಏನೂ ಅನ್ನಲಿಲ್ಲ. ಇಳಿಯುವಾಗ ಮೊದಲನೆಯದರಲ್ಲಿ ಪಕ್ಕಕ್ಕೆ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿದರು. "ಇದು ಬೇಡ ಕಣೋ, ಪಾದ ಪೂರ್ತಿ ಕೂರಲ್ಲ, ಮಂಡಿ ಹಿಡಿಯತ್ತೆ." ಎರಡನೆಯದರಲ್ಲಿ ಮುಖ ಮುಂದೆ ಮಾಡಿಕೊಂಡೇ ಇಳಿದರು. ಆಮೇಲೆ ತಾವೇ ಹೋಗಿ ಒಂದು ಬಕೆಟ್ ತಂದು, ಅದನ್ನು ಹಿಡಿದುಕೊಂಡು ಇನ್ನೊಂದು ಸಲ ಹತ್ತಿ ಇಳಿದರು. ಆ ಬಕೆಟ್ ನೋಡಿದ ಮೇಲೆ ನಾನು ಎಕ್ಸೆಲ್ ಶೀಟ್ ತೆರೀಲಿಲ್ಲ.

ಮೇಸ್ತ್ರಿಯೂ ಅಲ್ಲೇ ನಿಂತಿದ್ದರು. "ನಮ್ಮನೇಲೂ ಅಮ್ಮ ಹಂಗೇ ಇಳಿಯೋದು ಸಾರ್" ಅಂದರು.

ಇದಕ್ಕೆ ಖರ್ಚಿಲ್ಲ, ಹೆಚ್ಚಂದ್ರೆ ಅರ್ಧ ಗಂಟೆ ಕೆಲಸ. ನಿಮ್ಮ ಮನೆಯಲ್ಲಿ ವಯಸ್ಸಾದವರು ಇದ್ದರೆ ತ್ರೀಡಿ ವ್ಯೂ ತೋರಿಸೋದಕ್ಕಿಂತ ಮೊದಲು ಇದನ್ನು ಮಾಡಿ. ಮತ್ತೆ, ಅವರು ಇಳಿಯೋದನ್ನು ನೋಡಿ, ಹತ್ತೋದನ್ನಲ್ಲ.

ಜಾಗ ಉಳಿಸೋಕೆ ಜನ ಹೇಳಿದ ಬೇರೆ ಉಪಾಯಗಳು ಸುಮಾರಿದ್ದವು. ಲ್ಯಾಂಡಿಂಗ್ ಜಾಗದಲ್ಲೇ ಮೂರು ತ್ರಿಕೋನ ಮೆಟ್ಟಿಲು ಹಾಕೋದು ಒಂದು. ಅದರಲ್ಲಿ ಗೋಡೆ ಪಕ್ಕ ಅಗಲ, ಒಳಗಡೆ ತುದಿಯಲ್ಲಿ ಬೆರಳಿಡಕ್ಕೂ ಜಾಗ ಇರಲ್ಲ. ಕತ್ತಲಲ್ಲಿ ಒಳಬದಿ ಹಿಡಿದು ಇಳಿಯೋರ ಗತಿ ಏನು? ಸುರುಳಿ ಮೆಟ್ಟಿಲು ಟ್ಯಾಂಕ್ ನೋಡೋಕೆ ಹೋಗುವಾಗ ಸರಿ, ದಿನಾ ಓಡಾಡೋಕಲ್ಲ. ಅದರಲ್ಲಿ ಫ್ರಿಜ್ ಹತ್ತಿಸಿ ನೋಡಿ ಗೊತ್ತಾಗುತ್ತೆ. ಮೆಟ್ಟಿಲನ್ನು ಹೊರಗಡೆ ಹಾಕೋದು ಮಾತ್ರ ಯೋಚಿಸಬೇಕಾದ ವಿಷಯ. ಮುಂದೆ ಮೇಲಿನ ಮನೆ ಬಾಡಿಗೆಗೆ ಕೊಡೋದಾದರೆ ಹೊರಗಿನ ಮೆಟ್ಟಿಲೇ ಬೇಕು. ಆದರೆ ಬಿಡಬೇಕಾದ ಜಾಗದ ಒಳಗೆ ಅದನ್ನು ಇಳಿಸಬಹುದಾ ಅನ್ನೋದನ್ನು ಲಿಖಿತ ನಿಯಮದಲ್ಲಿ ನೋಡಿಕೊಳ್ಳಿ, ಪಕ್ಕದ ಮನೆಯವರು ಮಾಡಿದ್ದಾರೆ ಅನ್ನೋದು ಉತ್ತರವಲ್ಲ. ಅಮ್ಮ ಮೇಲೆ ಕೆಳಗೆ ಎರಡೂ ಕಡೆ ಓಡಾಡೋರು, ಮಳೆಯಲ್ಲಿ ನೆನೆದ ಮೆಟ್ಟಿಲು ಬೇಡ ಅಂತ ನಾವು ಒಳಗೇ ಇಟ್ಟೆವು.

ದೊಡ್ಡಪ್ಪನ ಲೆಕ್ಕ

ಮೆಟ್ಟಿಲು ಬೆಸ ಸಂಖ್ಯೆ ಇರಬೇಕು, ಬಲಗಾಲಿಟ್ಟು ಶುರು ಮಾಡಿದರೆ ಬಲಗಾಲಲ್ಲೇ ಮುಗೀಬೇಕು ಅಂತ ದೊಡ್ಡಪ್ಪನ ಕರಾರು. 18 ಅಂದ ತಕ್ಷಣ ಫೋನಲ್ಲೇ ಮುಖ ಗಂಟಿಕ್ಕಿದ್ದು ಗೊತ್ತಾಯ್ತು. "ದೊಡ್ಡಪ್ಪ, 18 ರೈಸರ್. ನೀವು ಎಣಿಸೋ ಮೆಟ್ಟಿಲು 17" ಅಂದೆ. ಕೆಳಗೆ 8 ಟ್ರೆಡ್, ಒಂದು ಲ್ಯಾಂಡಿಂಗ್, ಮೇಲೆ 8. ಅವರು ಎರಡು ಸಲ ಬಾಯಲ್ಲಿ ಎಣಿಸಿ ಒಪ್ಪಿಕೊಂಡರು. ವಾಸ್ತುವನ್ನು ನೀವು ನಂಬಿ, ಬಿಡಿ. ನಂಬುವ ಹಿರಿಯರ ಜೊತೆ ಜಗಳ ಶುರು ಮಾಡೋಕೆ ಮುಂಚೆ ಇಬ್ಬರೂ ಒಂದೇ ವಸ್ತುವನ್ನು ಎಣಿಸ್ತಿದ್ದೀರಾ ಅಂತ ನೋಡಿಕೊಳ್ಳಿ.

ಮೋಲ್ಡ್ ಹಿಂದಿನ ಸಂಜೆ

ಮೇಲೆ 10 ಅಡಿ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅದು ಕಾಂಕ್ರೀಟಿನಿಂದ ಕಾಂಕ್ರೀಟಿಗೆ. ನಾವು ನಡೆಯೋದು ಕಾಂಕ್ರೀಟ್ ಮೇಲಲ್ಲ, ಟೈಲ್ಸ್ ಮತ್ತು ಗ್ರಾನೈಟ್ ಮೇಲೆ. ಬಾಡಿಗೆ ಮನೆಯಲ್ಲಿದ್ದ ಬಗ್ ಹುಟ್ಟಿದ್ದು ಇಲ್ಲೇ ಇರಬೇಕು ಅಂತ ನನಗೆ ಅರ್ಥವಾಗಿದ್ದು ಮೆಟ್ಟಿಲಿಗೆ ಮೋಲ್ಡ್ ಹಾಕುವ ಹಿಂದಿನ ಸಂಜೆ, ಹಲಗೆಗಳನ್ನು ಅಳೆಯುತ್ತಿದ್ದಾಗ.

ನಮ್ಮ ಕೆಳಗಿನ ನೆಲಕ್ಕೆ ಗಾರೆ, ಟೈಲ್ಸ್ ಸೇರಿ 3 ಇಂಚು ಬರುತ್ತೆ. ಮೆಟ್ಟಿಲಿನ ಮೇಲೆ ಗಾರೆ ಮತ್ತು ಗ್ರಾನೈಟ್ ಒಂದೂವರೆ ಇಂಚು. ಮೇಲಿನ ನೆಲಕ್ಕೆ 2 ಇಂಚು. ಹುಡುಗರು ಎಲ್ಲಾ ಹಲಗೆಯನ್ನೂ ನೀಟಾಗಿ 6.67 ಇಂಚಿಗೆ ಕಟ್ಟಿದ್ದರು. ನೋಡೋಕೆ ಒಂದೇ ಸಮ, ಚಂದ. ಆದರೆ ಫಿನಿಶಿಂಗ್ ಆದ ಮೇಲೆ ಏನಾಗುತ್ತೆ? ಮೊದಲ ಮೆಟ್ಟಿಲು ಒಂದೂವರೆ ಏರುತ್ತೆ, ಅದರ ಕೆಳಗಿನ ನೆಲ 3 ಏರುತ್ತೆ, ಉಳಿಯೋದು 5.17 ಇಂಚು. ಕೊನೆಯಲ್ಲಿ ಉಲ್ಟಾ: 7.17 ಇಂಚು. ಮಧ್ಯದವೆಲ್ಲ 6.67. ಮೊದಲಿಗೂ ಕೊನೆಗೂ 2 ಇಂಚು ವ್ಯತ್ಯಾಸ. ಅಮ್ಮನ ಮಣಿಕಟ್ಟು ಮುರಿಯೋಕೆ ಒಂದೂವರೆ ಇಂಚು ಸಾಕಾಗಿತ್ತು.

ಸರಿಯಾದ ಲೆಕ್ಕ ಹೀಗೆ. ಟೈಲ್ಸ್‌ನಿಂದ ಟೈಲ್ಸ್‌ಗೆ 120ಕ್ಕೆ 2 ಕೂಡಿ 3 ಕಳೆದರೆ 119 ಇಂಚು. 18ಕ್ಕೆ ಭಾಗಿಸಿದರೆ 6.6. (ಈ ಲೆಕ್ಕದಲ್ಲಿ 16 ರೈಸರ್ ಕೂಡ 190ರ ಒಳಗೇ ಬರುತ್ತೆ. ನಿಯಮ ಪಾಸ್ ಆಗುತ್ತೆ, ಅಮ್ಮನ ಬಕೆಟ್ ಟೆಸ್ಟ್ ಪಾಸ್ ಆಗಲ್ಲ.) ಎಲ್ಲಾ 6.6 ಬರಬೇಕಾದರೆ ಕಾಂಕ್ರೀಟಿನಲ್ಲಿ ಮೊದಲ ರೈಸರ್ 8.1 ಇಂಚು ಇರಬೇಕು, ಕೊನೆಯದು 6.1, ಮಧ್ಯದ 16 ಮಾತ್ರ 6.6.

"ಮೊದಲನೇದು ಎಂಟಿಂಚಾ? ನೋಡಿದೋರು ನಗ್ತಾರೆ ಸಾರ್" ಅಂದರು ಮೇಸ್ತ್ರಿ. ಅವರ ಮಾತಲ್ಲೂ ಅರ್ಥವಿತ್ತು, ಕಾಂಕ್ರೀಟ್ ಹಂತದಲ್ಲಿ ಅದು ತಪ್ಪಾಗೇ ಕಾಣುತ್ತೆ. ನಾನು ವಾದ ಮಾಡಲಿಲ್ಲ. ಗೋಡೆ ಮೇಲೆ ಟ್ಯೂಬ್ ಲೆವೆಲ್ ಹಿಡಿದು, ಮೊದಲು ಕೆಳಗಿನ ಟೈಲ್ಸ್ ಮಟ್ಟ, ಮೇಲಿನ ಟೈಲ್ಸ್ ಮಟ್ಟ ಗುರುತು ಹಾಕಿಸಿದೆ. ನಡುವೆ 18 ಸಮ ಗೆರೆ. ಪ್ರತಿ ಮೆಟ್ಟಿಲಿನ ಗೆರೆಯಿಂದ ಒಂದೂವರೆ ಇಂಚು ಕೆಳಗೆ ಕಾಂಕ್ರೀಟಿನ ಗೆರೆ. ಗೆರೆಗಳನ್ನು ನೋಡಿದ ಮೇಲೆ ಅವರೇ ಹುಡುಗರನ್ನು ಕರೆದು ಹಲಗೆ ಬಿಚ್ಚಿಸಿದರು. ಮಾರನೇ ದಿನ ಅರ್ಧ ದಿನದ ಕೂಲಿ ಹೆಚ್ಚಾಯ್ತು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಇದೇ ತಪ್ಪು ಸಿಕ್ಕಿದ್ದರೆ ಚಿಪ್ಪಿಂಗ್ ಮಾಡಿಸಿ, ಇಲ್ಲವೇ ಗಾರೆ ದಪ್ಪ ಹಾಕಿ ಒದ್ದಾಡಬೇಕಿತ್ತು. ಇದರಿಂದ ಒಂದು ಪಾಠ: ಟೈಲ್ಸ್, ಗ್ರಾನೈಟ್ ಯಾವುದು, ಎಷ್ಟು ದಪ್ಪ ಅಂತ ಮೆಟ್ಟಿಲಿನ ಸೆಂಟ್ರಿಂಗ್ ಕಟ್ಟೋಕೆ ಮೊದಲೇ ತೀರ್ಮಾನ ಆಗಿರಬೇಕು. ಬಣ್ಣ ಆಮೇಲೆ ಆರಿಸಿ, ಪರವಾಗಿಲ್ಲ.

ಅದೇ ಸಂಜೆ ಕಂಬಿಯನ್ನೂ ನೋಡಿದೆವು. ಇಳಿಜಾರಿನ ಸ್ಲ್ಯಾಬನ್ನು ವೇಸ್ಟ್ ಸ್ಲ್ಯಾಬ್ ಅಂತಾರೆ. ವ್ಯರ್ಥ ಅಂತಲ್ಲ, ಇಂಗ್ಲಿಷಿನ ಸೊಂಟ. ನಾನು ಎರಡು ತಿಂಗಳು ತಪ್ಪಾಗಿ ತಿಳಿದುಕೊಂಡಿದ್ದೆ. ಈ ಸ್ಲ್ಯಾಬ್ ಲ್ಯಾಂಡಿಂಗ್‌ಗೆ ಸೇರುವ ಒಳಮೂಲೆಯಲ್ಲಿ ಕೆಳಗಿನ ಕಂಬಿಯನ್ನು ಮೂಲೆಯ ಆಕಾರಕ್ಕೇ ಬಗ್ಗಿಸಿ ಮುಂದುವರಿಸಬಾರದು. ಭಾರ ಬಿದ್ದಾಗ ಕಂಬಿ ನೇರ ಆಗೋಕೆ ನೋಡಿ ಆ ಮೂಲೆಯ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತೆ. ಎರಡೂ ಕಡೆಯ ಕಂಬಿಗಳು ಒಂದನ್ನೊಂದು ದಾಟಿ ಹೋಗಿ ಎದುರಿನ ಮೇಲ್ಭಾಗದಲ್ಲಿ ಗಟ್ಟಿಯಾಗಿ ಕೂರಬೇಕು. ಮೆಟ್ಟಿಲಿನ ಮೇಲೆ ಬರುವ ಭಾರವನ್ನು ಭಾರತೀಯ ಮಾನಕದಲ್ಲಿ ಕೋಣೆಗಿಂತ ಹೆಚ್ಚು ಹಿಡೀತಾರೆ: ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಮೆಟ್ಟಿಲಿಗೆ 3. ಕಂಬಿಯ ವಿಷಯದಲ್ಲಿ ನನ್ನಂಥ ಸಾಫ್ಟ್‌ವೇರ್ ಎಂಜಿನಿಯರ್ ಮಾತು ಕೇಳಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಡ್ರಾಯಿಂಗ್ ತರಿಸಿ, ಅವರನ್ನೇ ಒಂದು ಸಲ ಸೈಟಿಗೆ ಕರೆಸಿ.

ತಲೆ ತಗಲುವ ವಿಷಯ ಕಾಗದದಲ್ಲಿ ಸಿಕ್ಕಿಬಿತ್ತು, ಪುಣ್ಯ. ಮೊದಲ ಡ್ರಾಯಿಂಗಲ್ಲಿ ಮೇಲಿನ ಮಹಡಿಯ 18 ಇಂಚಿನ ಬೀಮ್ ನಾಲ್ಕನೇ ಮೆಟ್ಟಿಲಿನ ನೇರ ಮೇಲೆ ಹಾದುಹೋಗಿತ್ತು. ಆ ಮೆಟ್ಟಿಲ ಮೇಲೆ ನಿಂತರೆ ಬೀಮ್‌ವರೆಗೆ 6 ಅಡಿ ಚಿಲ್ಲರೆ. ಬೇಕಾದ್ದು 2.2 ಮೀಟರ್, ಅಂದ್ರೆ 7 ಅಡಿಗೂ ಸ್ವಲ್ಪ ಜಾಸ್ತಿ. ಪ್ಲಾನನ್ನು ಮೇಲಿಂದ ಮಾತ್ರ ನೋಡಿದರೆ ಇದು ಕಾಣೋದೇ ಇಲ್ಲ. ಮೆಟ್ಟಿಲನ್ನು ಪಕ್ಕದಿಂದ ಸೀಳಿ ತೋರಿಸುವ ಸೆಕ್ಷನ್ ಡ್ರಾಯಿಂಗ್ ಕೇಳಿ ತಗೊಳ್ಳಿ. ಬೀಮನ್ನು ಮೆಟ್ಟಿಲು ಶುರುವಾಗುವ ಜಾಗದಿಂದ ಹಿಂದಕ್ಕೆ ಸರಿಸಿದರು, ಮುಗೀತು.

ಉಳಿದ ಸಣ್ಣಪುಟ್ಟವು. ಪಾಲಿಶ್ ಗ್ರಾನೈಟ್ ಅಂಗಡಿಯಲ್ಲಿ ಚಂದ, ಒದ್ದೆ ಕಾಲಿಗೆ ಅಲ್ಲ. ಅಂಚಿನಲ್ಲಿ ಮೂರು ಗೀರು ಹೊಡೆಸಿದೆವು, ಅಂಚನ್ನು ದುಂಡಗೆ ಮಾಡಿಸಿದೆವು. ಲ್ಯಾಂಡಿಂಗ್‌ನಲ್ಲಿ ಒಂದು ಕಿಟಕಿ. ಲೈಟಿಗೆ ಕೆಳಗೂ ಮೇಲೂ ಸ್ವಿಚ್, ಇಲ್ಲದಿದ್ದರೆ ಕತ್ತಲಲ್ಲೇ ಅರ್ಧ ಇಳಿಯಬೇಕು. ಕಂಬಿಬೇಲಿ ಒಂದು ಮೀಟರ್ ಎತ್ತರ, ಸರಳುಗಳು ನಿಂತ ಹಾಗೆ ಇರಲಿ ಅಂತ ಹೇಳಿದೆ. ಅಡ್ಡ ಸರಳು ಈಗ ಫ್ಯಾಷನ್, ಆದರೆ ಅಕ್ಕನ ಮಗನಿಗೆ ಅದು ಏಣಿ.

ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಮಾಡಿ ಅಂತ ಹೇಳದವರೇ ಇಲ್ಲ. 9 ರೈಸರ್ ಎತ್ತರ 60 ಇಂಚು, ಅದರಲ್ಲಿ ಸ್ಲ್ಯಾಬ್ ಕಳೆದರೆ ಉಳಿಯೋದು ನಾಲ್ಕೂವರೆ ಅಡಿ. ಕೆಲವರು ಅಲ್ಲಿ ನೆಲ ಅಗೆದು ತಗ್ಗಿಸಿ ಟಾಯ್ಲೆಟ್ ಕೂರಿಸ್ತಾರೆ, ಆಮೇಲೆ ಮಳೆಗಾಲದಲ್ಲಿ ನೀರು ಹಿಂದಕ್ಕೆ ಬರುತ್ತೆ ಅಂತ ಅಲವತ್ತುಕೊಳ್ತಾರೆ. ನಾವು ವಾಷಿಂಗ್ ಮೆಷಿನ್, ಯುಪಿಎಸ್, ಚಪ್ಪಲಿ ಸ್ಟ್ಯಾಂಡ್ ಇಟ್ಟೆವು. ಅಲ್ಲೇ ಒಂದು ಮೂಲೆಯಲ್ಲಿ ನನ್ನ ಎರಡನೇ ಮಾನಿಟರ್ ಡಬ್ಬದಲ್ಲೇ ಇದೆ, ಅದಕ್ಕೆ ಹೊಸ ಟೇಬಲ್ ಮೇಲೆ ಜಾಗ ಸಿಕ್ಕಿಲ್ಲ.

ಮನೆಗೆ ಬಂದು ನಾಲ್ಕು ತಿಂಗಳಾಯ್ತು. ಅಮ್ಮ ದಿನಕ್ಕೆ ಎರಡು ಸಲ ಟೆರೇಸ್‌ಗೆ ಹೋಗ್ತಾರೆ, ಬೆಳಿಗ್ಗೆ ತುಳಸಿಗೆ ನೀರು, ಸಂಜೆ ಬಟ್ಟೆ ತರೋಕೆ. ಬಕೆಟ್ ಎಡಗೈಯಲ್ಲಿ, ಬಲಗೈ ಕಂಬಿ ಮೇಲೆ. ಹತ್ತುವಾಗ ಬಲಗಡೆ ಗೋಡೆ ಬರುತ್ತೆ, ಅಲ್ಲಿ ಹಿಡಿಯೋಕೆ ಏನೂ ಇಲ್ಲ. ಗೋಡೆ ಕಡೆಗೂ ಒಂದು ಹಿಡಿ ಹಾಕಿಸು ಅಂತ ಮೊನ್ನೆ ಹೇಳಿದರು. ವೆಲ್ಡಿಂಗ್‌ನವರು ಶನಿವಾರ ಬರ್ತೀನಿ ಅಂದಿದ್ದಾರೆ.